ಆರು ರಸಗಳ ಲೆಕ್ಕಿಗ ಮಹಾವೀರಾಚಾರ್ಯ

ಬೆಂಗಳೂರು: ಯುಗಾದಿಗೆ ಗಾಂಧಿ ಬಜಾರಿನಲ್ಲಿ ಬೇವು ಕೊಳ್ಳುವವರಿಗೆ ಮಹಾವೀರಾಚಾರ್ಯರ ಲೆಕ್ಕ ಅಪರಿಚಿತವೆನಿಸದು. 9ನೇ ಶತಮಾನದ ಈ ಜೈನ ಗಣಿತಜ್ಞರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ, ಸಂಸ್ಕೃತದಲ್ಲಿ ‘ಗಣಿತಸಾರ ಸಂಗ್ರಹ’ ರಚಿಸಿದರು. ಆರು ರಸಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದೆಂಬುದು ಅದರಲ್ಲಿನ ಪ್ರಶ್ನೆ. ಎರಡೆರಡಾಗಿ ಆರಿಸಿದರೆ, ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಿ, 15 ಜೋಡಿ.

ಸಂಭವನೀಯತೆಯ ಮಾತನ್ನು ಅವರು ಎತ್ತಲಿಲ್ಲ. ಆದರೆ ಇಂದಿನ ಶಾಲಾ ಮಕ್ಕಳು ತಡವರಿಸುವುದು ಛೇದದಲ್ಲಿ. ಅದು ಇಲ್ಲಿ ಸಿದ್ಧವಾಗಿಯೇ ಇದೆ. ಕಣ್ಣುಮುಚ್ಚಿ ಒಂದು ಜೋಡಿ ಎತ್ತಿದರೆ ಅದರಲ್ಲಿ ಸಿಹಿ ಇರುವ ಅನುಪಾತ 5/15, ಅಂದರೆ 1/3. ಬೇವುಬೆಲ್ಲದಂತೆ ಕಹಿ-ಸಿಹಿಯೇ ಸಿಗುವುದು 1/15.

ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಬರೆದು ಎಡವಿದವರೂ ಇವರೇ. ವಿಕಲ್ಪದ ಸಾಮಾನ್ಯ ಸೂತ್ರ 1634ರಲ್ಲಿ ಯುರೋಪಿನ ಪುಸ್ತಕವೊಂದರಲ್ಲೂ ಕಾಣಿಸಿಕೊಂಡಿತು. ಅದಕ್ಕಿಂತ ಏಳು ಶತಮಾನಗಳಿಗೂ ಹಿಂದಿನ ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚುಹಾಕಿಸಿದರು.