ಹೂಮರಗಳ ಕೃಂಬಿಗಲ್ ಮತ್ತು ಸೀನು ತರುವ ಪರಾಗ

ಮಂಡ್ಯ: ಕನ್ನಂಬಾಡಿಯ ಬೃಂದಾವನವನ್ನು ಕಾಣದವರು ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ವಿರಳ. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಆ ಉದ್ಯಾನಕ್ಕೆ ರೂಪು ಕೊಟ್ಟವರು ಖ್ಯಾತ ಸಸ್ಯತಜ್ಞ ಗುಸ್ತಾವ್ ಹರ್ಮನ್ ಕೃಂಬಿಗಲ್.

1865ರಲ್ಲಿ ಜರ್ಮನಿಯ ಡ್ರೆಸ್ಡನ್ ಸಮೀಪ ಜನಿಸಿದ ಅವರು ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ದುಡಿದು 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದರು. 1908ರಲ್ಲಿ ಮೈಸೂರು ಸಂಸ್ಥಾನವು ಅವರನ್ನು ಲಾಲ್‌ಬಾಗಿಗೆ ಕರೆಸಿಕೊಂಡಿತು. ಒಂದು ಮರದ ಹೂವು ಉದುರುವ ಹೊತ್ತಿಗೆ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಸಾಲುಮರಗಳನ್ನು ಆಯ್ದದ್ದು ಅವರ ಹಿರಿಯ ಸಾಧನೆ.

ವಸಂತ ಬಂತೆಂದರೆ ಸೀನಿ ಸೋತವರು ದೂರುವುದು ಈ ಮರಗಳನ್ನೇ. ಆರೋಪ ಬಹುಮಟ್ಟಿಗೆ ನ್ಯಾಯವಲ್ಲ. ಗುಲ್‌ಮೊಹರ್, ಜಕರಂಡಾಗಳಂತಹ ಕಣ್ಸೆಳೆವ ಹೂಗಳ ಪರಾಗ ಭಾರವಾದದ್ದು, ಅಂಟುವಂಥದ್ದು; ಅದು ಸಾಗುವುದು ಕೀಟ, ಪಕ್ಷಿಗಳ ಮೈಗೆ ಮೆತ್ತಿಕೊಂಡು. ಮೂಗನ್ನು ಕೆರಳಿಸುವುದು ಹೆಚ್ಚಾಗಿ ಹುಲ್ಲು, ಸರ್ವೆ ಮರ, ಪಾರ್ಥೇನಿಯಂಗಳ ಗಾಳಿಯಲ್ಲಿ ತೇಲುವ ಪರಾಗ.

ಕೃಂಬಿಗಲ್ 1956ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ನಿಧನರಾದರು. ಪುಣೆಯ ಸುತ್ತ ಪಾರ್ಥೇನಿಯಂ ಸಸ್ಯಶಾಸ್ತ್ರಜ್ಞರ ಗಮನಕ್ಕೆ ಬಂದದ್ದು ಹೆಚ್ಚುಕಡಿಮೆ ಅದೇ ಸಮಯದಲ್ಲಿ. ಅವರು ನೆಡದ, ಯಾರೂ ಬಯಸದ ಅಮೆರಿಕ ಮೂಲದ ಈ ಕಳೆ, ಕಾಂಗ್ರೆಸ್ ಗಿಡವೆಂಬ ಹೆಸರು ಪಡೆದು, ಬೆಂಗಳೂರಿನ ಖಾಲಿ ನಿವೇಶನಗಳಿಂದ ಮಂಡ್ಯ ಸೀಮೆಯ ಹೊಲದ ಬದುಗಳವರೆಗೆ ಹಬ್ಬಿದೆ. ಮಳೆಯಿಂದ ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲೇ, ಕೈಗವಸು ತೊಟ್ಟು ಅದನ್ನು ಬುಡಸಮೇತ ಕೀಳುವುದು ಉತ್ತಮ. ಅಲರ್ಜಿಯುಳ್ಳವರು ಆ ಕೆಲಸವನ್ನು ಇತರರಿಗೆ ಬಿಡುವುದೇ ಲೇಸು.