ಕಣ್ಣಿನ ಕಲಿಕೆಯನ್ನು ಕಂಡುಕೊಂಡ ಹೆಲ್ಮ್‌ಹೋಲ್ಟ್ಸ್

ಜರ್ಮನಿಯ ಪಾಟ್ಸ್‌ಡಾಂ ಪಟ್ಟಣದಲ್ಲಿ ಪುಟ್ಟ ಬಾಲಕನೊಬ್ಬನು ತಾಯಿಯೊಡನೆ ಚರ್ಚೊಂದರ ಮುಂದೆ ಹೋಗುತ್ತಿದ್ದನು. ಎತ್ತರದ ಗೋಪುರದ ಮೇಲೆ ನಿಂತಿದ್ದ ಜನರು ಆತನ ಕಣ್ಣಿಗೆ ಬೊಂಬೆಗಳಂತೆ ತೋರಿದರು. ಕೈಚಾಚಿ ಅವನ್ನು ತೆಗೆದುಕೊಡೆಂದು ಆತನು ತಾಯಿಯನ್ನು ಬೇಡಿದನು. ದೂರದಲ್ಲಿರುವುದು ಚಿಕ್ಕದಾಗಿ ಕಾಣುವುದೆಂಬ ಪಾಠವನ್ನು ಆತನ ಕಣ್ಣು ಇನ್ನೂ ಕಲಿತಿರಲಿಲ್ಲ. ಬೆಳೆದು ದೊಡ್ಡವನಾದ ಮೇಲೂ ಆತನು ಇದನ್ನು ಮರೆಯಲಿಲ್ಲ. ತನ್ನ ಮಹಾಗ್ರಂಥದಲ್ಲಿಯೇ ಬರೆದಿಟ್ಟನು. ಆತನೇ ಹರ್ಮನ್ ಹೆಲ್ಮ್‌ಹೋಲ್ಟ್ಸ್.

ಆತನು ಹುಟ್ಟಿದ್ದು 1821ನೆಯ ಇಸವಿ ಆಗಸ್ಟ್ 31ರಂದು. ತಂದೆಯು ಶಾಲೆಯ ಉಪಾಧ್ಯಾಯ. ಮನೆಯಲ್ಲಿ ವಿದ್ಯೆಯಿತ್ತೇ ಹೊರತು ಹಣವಿರಲಿಲ್ಲ. ಬಾಲಕನು ಬಾಯಿಪಾಠದಲ್ಲಿ ಹಿಂದು. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು ಆತನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ತರಗತಿಯಲ್ಲಿ ಲ್ಯಾಟಿನ್ ಪಾಠ ನಡೆಯುತ್ತಿರುವಾಗ ಆತನು ಮೇಜಿನ ಕೆಳಗೆ ಬೆಳಕಿನ ಕಿರಣಗಳ ಲೆಕ್ಕ ಮಾಡುತ್ತಿದ್ದನು. ಭೌತಶಾಸ್ತ್ರವನ್ನು ಓದಬೇಕೆಂಬುದು ಆತನ ಆಸೆ. ಆದರೆ ಅದಕ್ಕೆ ತಗಲುವ ವೆಚ್ಚವನ್ನು ತಂದೆಯು ಭರಿಸಲಾರದೆ ಹೋದನು. ಸೈನ್ಯದಲ್ಲಿ ಎಂಟು ವರ್ಷ ವೈದ್ಯನಾಗಿ ದುಡಿಯುವೆನೆಂದು ಒಪ್ಪಿದವರಿಗೆ ಬರ್ಲಿನ್ನಿನಲ್ಲಿ ಸರಕಾರವೇ ವೈದ್ಯಶಿಕ್ಷಣವನ್ನು ಕೊಡುತ್ತಿತ್ತು. ಆತನು ಆ ದಾರಿಯನ್ನೇ ಹಿಡಿದನು. ಬಡತನವು ತೋರಿಸಿದ ಈ ದಾರಿಯೇ ಆತನನ್ನು ಕಣ್ಣು, ಕಿವಿ, ನರಗಳ ಅಧ್ಯಯನಕ್ಕೆ ತಂದು ನಿಲ್ಲಿಸಿತು.

ಸೈನ್ಯದ ವೈದ್ಯನಾಗಿದ್ದಾಗಲೇ, 1847ರಲ್ಲಿ, ಶಕ್ತಿಯ ನಿತ್ಯತೆಯನ್ನು ಕುರಿತ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದನು. ಎಂಟು ವರ್ಷ ತುಂಬುವ ಮೊದಲೇ ಸೈನ್ಯದಿಂದ ಬಿಡುಗಡೆ ದೊರೆತು, 1849ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕನಾದನು. ನರದ ಸಂದೇಶದ ವೇಗವನ್ನು ಅಳೆಯಲು ಸಾಧ್ಯವಿಲ್ಲವೆಂದು ಆತನ ಗುರು ಯೋಹಾನ್ನೆಸ್ ಮ್ಯುಲರನು ಭಾವಿಸಿದ್ದನು. ಶಿಷ್ಯನು ಕಪ್ಪೆಯ ನರದಲ್ಲಿ ಅದನ್ನು ಅಳೆದು, ಸೆಕೆಂಡಿಗೆ ಸುಮಾರು 30 ಮೀಟರೆಂದು ತೋರಿಸಿದನು. 1851ರಲ್ಲಿ, ಬದುಕಿರುವ ಮನುಷ್ಯನ ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವನ್ನು ಲೋಕಕ್ಕೆ ಕೊಟ್ಟನು.

ಕಣ್ಣಿನ ವಿಷಯವಾಗಿ ಆತನು ಬರೆದ ಮಹಾಗ್ರಂಥವು 1856ರಿಂದ 1867ರವರೆಗೆ ಮೂರು ಭಾಗಗಳಲ್ಲಿ ಹೊರಬಂದಿತು. ಅದರ ಸಾರವಿಷ್ಟು: ಕಣ್ಣಿನ ಪರದೆಯ ಮೇಲೆ ಬೀಳುವುದು ಬರಿಯ ಬೆಳಕಿನ ಗುರುತು. ಅದರಿಂದ ಇದು ಮರ, ಅದು ದೂರದ ಬೆಟ್ಟ ಎಂದು ಮನಸ್ಸು ನಿರ್ಣಯಿಸುತ್ತದೆ. ಹೊಗೆಯನ್ನು ಕಂಡು ಬೆಂಕಿಯುಂಟೆಂದು ಊಹಿಸುವುದನ್ನು ನಮ್ಮ ತರ್ಕಶಾಸ್ತ್ರವು ಅನುಮಾನವೆಂದು ಕರೆಯುತ್ತದಷ್ಟೆ. ನೋಡುವುದೂ ಅಂಥದೇ ಅನುಮಾನ. ಆದರೆ ನಮ್ಮ ಅರಿವಿಗೆ ಬಾರದೆ, ಮಾತಿಲ್ಲದೆ, ಕ್ಷಣಾರ್ಧದಲ್ಲಿ ನಡೆದುಹೋಗುವ ಅನುಮಾನ.

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಕತ್ತಲಲ್ಲಿ ಕಣ್ಣು ಮುಚ್ಚಿ, ಕಿವಿಯ ಕಡೆಯ ಕಣ್ಣಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ, ಮೂಗಿನ ಕಡೆಯಲ್ಲಿ ಬೆಳಕು ಕಾಣುತ್ತದೆ. ಅಲ್ಲಿ ಬೆಳಕಿಲ್ಲವೆಂದು ಬುದ್ಧಿಗೆ ಗೊತ್ತಿದ್ದರೂ ಆ ಬೆಳಕು ಮಾಯವಾಗದು. ಎಚ್ಚರದ ಬುದ್ಧಿಯ ಮಾತನ್ನು ಒಳಗಿನ ಆ ಅನುಮಾನವು ಕೇಳುವುದಿಲ್ಲ. ಆದರೆ ಅದು ಅಭ್ಯಾಸದ ಮಾತನ್ನು ಕೇಳುತ್ತದೆ. ನೋಟವನ್ನು ಒಂದು ಪಕ್ಕಕ್ಕೆ ಸರಿಸುವ ಪ್ರಿಸಮ್ ಗಾಜುಗಳನ್ನು ಧರಿಸಿದವನ ಕೈ ಮೊದಲು ಗುರಿ ತಪ್ಪುತ್ತದೆ. ಕೆಲವು ಸಲ ಪ್ರಯತ್ನಿಸಿದ ಮೇಲೆ ಸರಿಯಾಗಿ ಮುಟ್ಟುತ್ತದೆ. ಗಾಜನ್ನು ತೆಗೆದರೆ ಎದುರು ಪಕ್ಕಕ್ಕೆ ತಪ್ಪುತ್ತದೆ. ಹೀಗೆ ಕೈಕಣ್ಣುಗಳು ನಮಗೆ ತಿಳಿಯದಂತೆ ಹೊಸ ಪಾಠ ಕಲಿತಿರುತ್ತವೆ.

ಇವೆಲ್ಲ ಹುಟ್ಟಿನಿಂದಲೇ ಬಂದವೆಂದು ಎವಾಲ್ಡ್ ಹೇರಿಂಗನು ವಾದಿಸಿದನು. ಕೆಲವು ಶಕ್ತಿಗಳು ಎಳೆಯ ಶಿಶುವಿನಲ್ಲಿಯೇ ಇರುವುವೆಂದು ಮುಂದಿನ ಪ್ರಯೋಗಗಳು ತೋರಿಸಿರುವುದರಿಂದ ಹೆಲ್ಮ್‌ಹೋಲ್ಟ್ಸನ ಮಾತು ಪೂರ್ಣಸತ್ಯವಲ್ಲ. ಆದರೂ ಮೆದುಳು ಊಹಿಸುತ್ತ ನೋಡುತ್ತದೆಂಬ ಆತನ ತತ್ತ್ವವು ಇಂದಿಗೂ ಜೀವಂತವಾಗಿದೆ.

ತನ್ನ 70ನೆಯ ಹುಟ್ಟುಹಬ್ಬದ ಸಮಾರಂಭದಲ್ಲಿ, 1891ರಲ್ಲಿ, ಆತನು ಒಂದು ಗುಟ್ಟನ್ನು ಹೇಳಿದನು. ಒಳ್ಳೆಯ ವಿಚಾರಗಳು ತನಗೆ ಬರೆಯುವ ಮೇಜಿನ ಮುಂದೆ ಹೊಳೆಯುತ್ತಿರಲಿಲ್ಲ. ಬಿಸಿಲಿನ ದಿನ ಕಾಡಿನ ಗುಡ್ಡವನ್ನು ನಿಧಾನವಾಗಿ ಹತ್ತುವಾಗ ಹೊಳೆಯುತ್ತಿದ್ದವು. ಆದರೆ ಅದಕ್ಕೆ ಮೊದಲು ಪ್ರಶ್ನೆಯನ್ನು ಎಲ್ಲ ಮಗ್ಗುಲಿನಿಂದಲೂ ತಿರುಗಿಸಿ ದಣಿದಿರಬೇಕು. 1894ರ ಸೆಪ್ಟೆಂಬರ್ 8ರಂದು ಆತನು ತೀರಿಕೊಂಡನು.

ಈ ಜೀವನವನ್ನು ಓದುವಾಗ ನನಗೆ ನನ್ನ ತಂದೆಯವರು ನೆನಪಾದರು. ಅವರಿಗೆ ಅಕ್ಷರ ಬಾರದು. ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ ನೋಡಿ ಬಿತ್ತನೆಗೆ ಹದವಾಯಿತೆನ್ನುತ್ತಾರೆ. ಹೇಗೆ ತಿಳಿಯಿತೆಂದರೆ ನಕ್ಕು ಸುಮ್ಮನಾಗುತ್ತಾರೆ. ಕಾಲೇಜು ಸೇರಿದಂದಿನಿಂದ ಅದನ್ನು ನಾನು ವಿದ್ಯೆಯೆಂದು ಎಣಿಸಿರಲಿಲ್ಲ; ಪುಸ್ತಕದಲ್ಲಿದ್ದುದೇ ವಿದ್ಯೆಯೆಂದು ನಂಬಿ ಊರಿನಲ್ಲಿ ಅವರೊಡನೆ ಹೊಲಕ್ಕೆ ಹೋಗುವುದನ್ನೂ ಬಿಟ್ಟಿದ್ದೆ. ಮಾತಿಗೆ ಸಿಕ್ಕದ ಅರಿವೂ ವರ್ಷಗಳ ಅಭ್ಯಾಸದಿಂದ ಬಂದ ನಿಜವಾದ ಅರಿವೇ ಎಂದು ಹೆಲ್ಮ್‌ಹೋಲ್ಟ್ಸನು ನನಗೆ ತಿಳಿಸಿಕೊಟ್ಟನು. ಪರೀಕ್ಷೆ ಮುಗಿದ ಮೇಲೆ ಮುಂಗಾರಿನ ಹೊತ್ತಿಗೆ ಊರಿಗೆ ಹೋಗಿ, ತಂದೆಯವರ ಪಕ್ಕದಲ್ಲಿ ನಿಂತು ನಾನೂ ಒಂದು ಹಿಡಿ ಮಣ್ಣನ್ನು ಒತ್ತಿ ನೋಡಬೇಕೆಂದಿದ್ದೇನೆ.