ಲಾರಿಯಲ್ಲಿ ಮನೆ ಮಾಡಿದ ಕಾದಂಬರಿಕಾರ

ನನ್ನ ಚಿಕ್ಕಪ್ಪ ಲಾರಿ ಓಡಿಸುವವರು. ಹೈಸ್ಕೂಲಿನಲ್ಲಿದ್ದಾಗ ಒಂದು ರಜೆಯಲ್ಲಿ ಅವರೊಡನೆ ಹುಬ್ಬಳ್ಳಿಯಿಂದ ಮಂಗಳೂರಿನವರೆಗೆ ಹೋಗಿದ್ದೆ. ಯಲ್ಲಾಪುರ ದಾಟಿದ ಮೇಲೆ, ಘಟ್ಟ ಇಳಿಯುವ ಮುನ್ನ, ರಸ್ತೆಯ ಪಕ್ಕದ ಹೋಟೆಲೊಂದರ ಮುಂದೆ ಲಾರಿ ನಿಲ್ಲಿಸಿ ಅವರು ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿದರು. ಕ್ಲೀನರ್ ಹುಡುಗ ಮಾಲಿನ ಮೇಲೆ ಹೊದಿಸಿದ್ದ ತಾಡಪತ್ರಿಯ ಮೇಲೇರಿ ಮಲಗಿದನು. ಹೋಟೆಲಿನ ನಾಯಿಯೊಂದು ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಬೆಳಗಾಗುವವರೆಗೂ ಅಲ್ಲಿಯೇ ಬಿದ್ದುಕೊಂಡಿತ್ತು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಹೀಗೆಯೇ ಊರೂರು ಸುತ್ತುತ್ತಿದ್ದರೆ ಎಷ್ಟು ಚೆನ್ನ ಎಂದು ಬೆಳಿಗ್ಗೆ ಹೇಳಿದಾಗ ಚಿಕ್ಕಪ್ಪ ನಕ್ಕುಬಿಟ್ಟರು, ಉತ್ತರ ಕೊಡಲಿಲ್ಲ.

ಕಳೆದ ವರ್ಷ ನಮ್ಮ ಕಾಲೇಜಿನ ಪುಸ್ತಕ ಭಂಡಾರದಲ್ಲಿ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಎಂಬ ಪುಸ್ತಕ ಕೈಗೆ ಸಿಕ್ಕಿದಾಗ ಆ ರಾತ್ರಿ ನೆನಪಿಗೆ ಬಂದಿತು. ಲಾರಿಯ ಬೆನ್ನಿನ ಮೇಲೆ ಪುಟ್ಟ ಮನೆಯನ್ನು ಕೂರಿಸಿಕೊಂಡು, ಜೊತೆಗೆ ಒಂದು ಮುದಿ ನಾಯಿಯನ್ನು ಕರೆದುಕೊಂಡು, ಅಮೆರಿಕವನ್ನೆಲ್ಲ ಸುತ್ತಿದವನ ಕಥೆ ಅದು. ಬರೆದವನು ಜಾನ್ ಸ್ಟೈನ್‌ಬೆಕ್. ನಮ್ಮಲ್ಲಿ ಇಂಗ್ಲಿಷ್ ಐಚ್ಛಿಕ ವಿಷಯವಾಗಿ ಓದುವವರಿಗೆ ಆತನ ಹೆಸರು ಹೊಸದಲ್ಲ. ಆದರೆ ಆತನ ಬಾಳಿನಲ್ಲಿ ಇಂತಹ ಗಾಡಿ ಎರಡು ಬಾರಿ ಬಂದಿತ್ತೆಂಬುದು, ಆ ಎರಡಕ್ಕೂ ಇರುವ ಅಂತರವೆಷ್ಟೆಂಬುದು, ಆತನ ಜೀವನ ಚರಿತ್ರೆಯನ್ನು ಹುಡುಕಿ ಓದಿದ ಮೇಲೆ ನನಗೆ ತಿಳಿಯಿತು.

ಸ್ಟೈನ್‌ಬೆಕ್ ಹುಟ್ಟಿದುದು 1902ರ ಫೆಬ್ರವರಿ 27ರಂದು, ಕ್ಯಾಲಿಫೋರ್ನಿಯಾದ ಸಲೀನಾಸ್ ಎಂಬ ಪಟ್ಟಣದಲ್ಲಿ. ಸುತ್ತಲೂ ಫಲವತ್ತಾದ ಕಣಿವೆ. ತಂದೆ ಆ ಜಿಲ್ಲೆಯ ಖಜಾಂಚಿಯಾಗಿದ್ದವನು; ತಾಯಿ ಮದುವೆಗೆ ಮುಂಚೆ ಉಪಾಧ್ಯಾಯಿನಿ. ಹುಡುಗನನ್ನು 1919ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಿಸಿದರು. ಆತನು ಮನಸ್ಸು ಬಂದಾಗ ಹೋಗುತ್ತ, ಬೇಡವೆನಿಸಿದಾಗ ಹೊಲಗಳಲ್ಲಿ ಕೂಲಿಗೆ ಸೇರುತ್ತ ಆರು ವರ್ಷ ಕಳೆದು, ಪದವಿಯಿಲ್ಲದೆ ಹೊರಬಿದ್ದನು. (ಪರೀಕ್ಷೆಯಲ್ಲಿ ನಪಾಸಾದ ನನ್ನ ಮಿತ್ರರು ಈ ವಾಕ್ಯವನ್ನು ಮನೆಯಲ್ಲಿ ಹೇಳಿಕೊಳ್ಳದಿರುವುದು ಮೇಲು.) 1925ರಲ್ಲಿ ನ್ಯೂಯಾರ್ಕಿಗೆ ಹೋಗಿ, ಆಗ ಕಟ್ಟುತ್ತಿದ್ದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಭಾರಿ ಕಟ್ಟಡದಲ್ಲಿ ಕೂಲಿ ಮಾಡಿದನು. ಕೆಲವು ಕಾಲ ಪತ್ರಿಕಾ ವರದಿಗಾರನಾಗಿದ್ದನು. ಯಾವುದೂ ಕೈಹತ್ತದೆ ಮರುವರ್ಷ ಊರಿನ ಕಡೆಗೆ ಹಿಂದಿರುಗಿದನು. 1929ರಲ್ಲಿ ಮೊದಲ ಕಾದಂಬರಿ ಹೊರಬಂದಿತು. ಯಾರೂ ಅದನ್ನು ಅಷ್ಟಾಗಿ ಓದಲಿಲ್ಲ. 1930ರಲ್ಲಿ ಕ್ಯಾರಲ್ ಎಂಬವಳನ್ನು ಮದುವೆಯಾಗಿ, ಸಮುದ್ರತೀರದಲ್ಲಿ ತಂದೆಗಿದ್ದ ಚಿಕ್ಕ ಮನೆಯಲ್ಲಿ ಬಾಡಿಗೆ ಕೊಡದೆ ಸಂಸಾರ ಹೂಡಿದನು. ಹೆಸರು ಬಂದುದು 1935ರಲ್ಲಿ, ‘ಟಾರ್ಟಿಲ್ಲಾ ಫ್ಲಾಟ್’ ಪ್ರಕಟವಾದ ಮೇಲೆ.

ನಾಯಿಗಳೆಂದರೆ ಆತನಿಗೆ ಚಿಕ್ಕಂದಿನಿಂದಲೂ ಪ್ರಾಣ. 1936ರಲ್ಲಿ ಟೋಬಿ ಎಂಬ ನಾಯಿಮರಿ ‘ಆಫ್ ಮೈಸ್ ಅಂಡ್ ಮೆನ್’ ಕಾದಂಬರಿಯ ಹಸ್ತಪ್ರತಿಯಲ್ಲಿ ಅರ್ಧದಷ್ಟನ್ನು ಹರಿದು ಚೂರು ಮಾಡಿತು. ಎರಡು ತಿಂಗಳ ದುಡಿಮೆ, ಬೇರೆ ಪ್ರತಿಯಿಲ್ಲ. ಆತನು ನಾಯಿಗೆ ಒಂದೆರಡು ಪೆಟ್ಟು ಕೊಟ್ಟು ಸುಮ್ಮನಾದನಂತೆ. ಮರಿ ಒಳ್ಳೆಯ ವಿಮರ್ಶಕನಿದ್ದರೂ ಇರಬಹುದೆಂದು ಶಂಕಿಸಿ, ಮತ್ತೆ ಕುಳಿತು ಬರೆದನು.

ಮೊದಲನೆಯ ಗಾಡಿ ಬಂದುದು ಅದೇ ವರ್ಷ. ಆಗ ಅಮೆರಿಕದ ನಡುನಾಡಿನಲ್ಲಿ ವರ್ಷಗಟ್ಟಲೆ ಮಳೆಯಿಲ್ಲದೆ, ಉತ್ತ ನೆಲವೆಲ್ಲ ಧೂಳಾಗಿ ಗಾಳಿಗೆ ಹಾರಿಹೋಗುತ್ತಿತ್ತು. ಸಾಲಕ್ಕೆ ಹೊಲ ಕಳೆದುಕೊಂಡ ರೈತರು ಓಕ್ಲಹೋಮ ಮೊದಲಾದ ರಾಜ್ಯಗಳಿಂದ ಹಳೆಯ ಮೋಟಾರುಗಳಲ್ಲಿ ಹಾಸಿಗೆ, ಪಾತ್ರೆ, ಮಕ್ಕಳು, ಮುದುಕರನ್ನೆಲ್ಲ ಹೇರಿಕೊಂಡು ಕ್ಯಾಲಿಫೋರ್ನಿಯಾದ ತೋಟಗಳಿಗೆ ಕೂಲಿಗಾಗಿ ಬರುತ್ತಿದ್ದರು. ‘ಸ್ಯಾನ್‌ಫ್ರಾನ್ಸಿಸ್ಕೋ ನ್ಯೂಸ್’ ಎಂಬ ಪತ್ರಿಕೆ ಇವರ ಸ್ಥಿತಿಯನ್ನು ನೋಡಿ ಬರೆಯಲು ಸ್ಟೈನ್‌ಬೆಕ್‌ನನ್ನು ಕೇಳಿಕೊಂಡಿತು. ಆತನು ರೊಟ್ಟಿ ಅಂಗಡಿಯವರು ಬಳಸಿಬಿಟ್ಟಿದ್ದ ಹಳೆಯ ಗಾಡಿಯೊಂದನ್ನು ಕೊಂಡು ಅದರಲ್ಲಿ ಹೊರಟನು. ಹೊಸ ಕಾರಿನಲ್ಲಿ ಹೋದವನೊಡನೆ ಆ ಜನ ಮನಸ್ಸು ಬಿಚ್ಚಿ ಮಾತನಾಡುತ್ತಿದ್ದರೆ?

ದಾರಿಯ ಬದಿಯಲ್ಲಿ, ಕಾಲುವೆಗಳ ದಂಡೆಯಲ್ಲಿ, ರಟ್ಟು ಗೋಣಿಗಳ ಗುಡಿಸಲುಗಳಲ್ಲಿ ಅವರು ಬಿದ್ದಿದ್ದರು. ಗುಡಿಸಲೂ ಇಲ್ಲದವರು ಮೋಟಾರಿನಲ್ಲೇ ಮಲಗುತ್ತಿದ್ದರು. ಸರ್ಕಾರ ಆರ್ವಿನ್ ಎಂಬಲ್ಲಿ ಒಂದು ಶಿಬಿರವನ್ನು ನಡೆಸುತ್ತಿತ್ತು. ಅದರ ಮೇಲ್ವಿಚಾರಕನಾದ ಟಾಮ್ ಕಾಲಿನ್ಸ್ ಎಂಬವನು ಸ್ಟೈನ್‌ಬೆಕ್‌ಗೆ ಮಿತ್ರನಾಗಿ, ತಾನು ಬರೆದಿಟ್ಟಿದ್ದ ವರದಿಗಳನ್ನೆಲ್ಲ ಕೊಟ್ಟನು. ಆ ಅಕ್ಟೋಬರಿನಲ್ಲಿ ಏಳು ಲೇಖನಗಳು ಪ್ರಕಟವಾದುವು. ಆದರೂ ಆತನಿಗೆ ಸಮಾಧಾನವಾಗಲಿಲ್ಲ. 1938ರ ಆರಂಭದಲ್ಲಿ ವಿಸೇಲಿಯದ ಸುತ್ತಮುತ್ತ ನೆರೆ ಬಂದು ಸಾವಿರಾರು ಸಂಸಾರಗಳು ಕೆಸರಿನಲ್ಲಿ ಹಸಿದು ಕುಳಿತಿದ್ದಾಗ ಮತ್ತೆ ಹೋಗಿ ಅವರ ನಡುವೆ ಕೆಲಸ ಮಾಡಿದನು. ಅದೇ ವರ್ಷದ ಬೇಸಗೆಯಲ್ಲಿ ಕುಳಿತು, ಸುಮಾರು ಐದು ತಿಂಗಳಲ್ಲಿ, ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯನ್ನು ಕೈಯಲ್ಲೇ ಬರೆದು ಮುಗಿಸಿದನು. 1939ರಲ್ಲಿ ಅದು ಹೊರಬಂದಿತು.

ಆ ಕಾದಂಬರಿಯಲ್ಲಿಯೂ ಒಂದು ಲಾರಿಯಿದೆ, ಒಂದು ನಾಯಿಯಿದೆ. ಜೋಡ್ ಎಂಬ ಮನೆತನದವರು ಹಳೆಯ ಹಡ್ಸನ್ ಕಾರಿನ ಹಿಂಭಾಗವನ್ನು ಕತ್ತರಿಸಿ ಲಾರಿಯಾಗಿ ಮಾರ್ಪಡಿಸಿಕೊಂಡು ಹೊರಡುತ್ತಾರೆ. ಪೆಟ್ರೋಲಿಗಾಗಿ ಮೊದಲು ನಿಂತ ಕಡೆಯಲ್ಲಿಯೇ ಅವರ ನಾಯಿ ರಸ್ತೆ ದಾಟಲು ಹೋಗಿ ದೊಡ್ಡ ಕಾರೊಂದರ ಚಕ್ರಕ್ಕೆ ಸಿಕ್ಕಿ ಸಾಯುತ್ತದೆ. ಕಾರು ನಿಲ್ಲುವುದಿಲ್ಲ. ಈ ಭಾಗವನ್ನು ಓದಿದ ಮೇಲೆ, ಲಾರಿಯಲ್ಲಿ ಮಲಗುವುದು ಒಂದು ವಿಹಾರವೆಂದು ಭಾವಿಸಿದ್ದ ನನಗೆ ನಾಚಿಕೆಯಾಯಿತು. ಚಿಕ್ಕಪ್ಪ ಏಕೆ ನಕ್ಕರೆಂದು ಅಂದು ಹೊಳೆಯಿತು.

ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. 1940ರಲ್ಲಿ ಪುಲಿಟ್ಜರ್ ಬಹುಮಾನ ಬಂದಿತು. ತೋಟದ ಒಡೆಯರು ಮಾತ್ರ ಕೆರಳಿದರು. ಕರ್ನ್ ಜಿಲ್ಲೆಯ ಗ್ರಂಥಾಲಯಗಳಲ್ಲಿ 1939ರಲ್ಲಿಯೇ ಅದನ್ನು ನಿಷೇಧಿಸಿ, ಬೇಕರ್ಸ್‌ಫೀಲ್ಡಿನಲ್ಲಿ ಪ್ರತಿಯೊಂದನ್ನು ಬಹಿರಂಗವಾಗಿ ಸುಟ್ಟರು. ಸಲೀನಾಸ್‌ನಲ್ಲಿಯೂ ಅನೇಕರು ಆತನಿಗೆ ಮುಖ ತಿರುಗಿಸಿದರು.

ಮುಂದಿನ ಇಪ್ಪತ್ತು ವರ್ಷಗಳನ್ನು ನಾನು ಬೇಗನೆ ದಾಟುತ್ತೇನೆ. ಕ್ಯಾರಲ್‌ಳಿಂದ ಬೇರೆಯಾದನು, 1943ರಲ್ಲಿ ಮತ್ತೊಂದು ಮದುವೆ, ಎರಡು ಗಂಡುಮಕ್ಕಳು, 1948ರಲ್ಲಿ ಆ ಮದುವೆಯೂ ಮುರಿಯಿತು. ಅದೇ ವರ್ಷ ಆತನ ಆಪ್ತಮಿತ್ರನಾದ ಎಡ್ ರಿಕೆಟ್ಸ್, ಸಮುದ್ರಜೀವಿಗಳನ್ನು ಅಭ್ಯಾಸ ಮಾಡುತ್ತಿದ್ದವನು, ರೈಲು ಕಾರಿಗೆ ಬಡಿದು ತೀರಿಕೊಂಡನು. 1950ರಲ್ಲಿ ಎಲೇನ್ ಎಂಬವಳನ್ನು ಮದುವೆಯಾದ ಮೇಲೆ ಬಾಳು ನೆಲೆಗೊಂಡಿತು. 1952ರಲ್ಲಿ ‘ಈಸ್ಟ್ ಆಫ್ ಈಡನ್’ ಬಂದಿತು. ನ್ಯೂಯಾರ್ಕಿನಲ್ಲಿ ಒಂದು ಮನೆ, ಸಮುದ್ರತೀರದ ಸ್ಯಾಗ್ ಹಾರ್ಬರಿನಲ್ಲಿ ಇನ್ನೊಂದು ಮನೆ, ಒಂದು ದೋಣಿ. ಕೂಲಿಗಾರರ ಗುಡಿಸಲುಗಳನ್ನು ಕಂಡು ಬರೆದವನು ತನ್ನ ನಾಡಿನ ಮಾತನ್ನು ಕಿವಿಯಾರೆ ಕೇಳಿ ಎಷ್ಟೋ ಕಾಲವಾಗಿತ್ತು. ನೆನಪಿನಿಂದಲೇ ಬರೆಯುತ್ತಿದ್ದೇನೆಂಬ ಕೊರಗು ಆತನಿಗೆ ಹತ್ತಿತು. 1959ರ ಕೊನೆಯಲ್ಲಿ ಆರೋಗ್ಯವೂ ಕೆಟ್ಟಿತು. ಎಲ್ಲರೂ ವಿಶ್ರಾಂತಿ ತೆಗೆದುಕೊಳ್ಳಬೇಕೆಂದರು. ಆತನು ಲಾರಿಗೆ ಹೇಳಿಕಳುಹಿಸಿದನು.

ಎರಡನೆಯ ಗಾಡಿ ಇದು: ಹಸುರು ಬಣ್ಣದ ಜಿ.ಎಂ.ಸಿ. ಪಿಕಪ್, ಅದರ ಮೇಲೆ ಕೂರಿಸಿದ ಒಂದು ಕೋಣೆ. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ನಾಲ್ಕು ಉರಿಯ ಒಲೆ, ಶೀತಪೆಟ್ಟಿಗೆ, ದೀಪ, ಶೌಚದ ವ್ಯವಸ್ಥೆ, ಸೊಳ್ಳೆಪರದೆ ಬಿಗಿದ ಕಿಟಕಿಗಳು. ಒಲೆ, ದೀಪಗಳೆಲ್ಲ ಅನಿಲದಿಂದ ಉರಿಯುವಂಥವು. ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರನ್ನೇ ಅದಕ್ಕಿಟ್ಟು, ‘ರೋಸಿನಾಂಟೆ’ ಎಂದು ಹಳೆಯ ಸ್ಪೇನಿನ ಲಿಪಿಯಲ್ಲಿ ಪಕ್ಕಕ್ಕೆ ಬರೆಯಿಸಿದನು. ಬಟ್ಟೆ ಒಗೆಯಲು ಆತನು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಮುಚ್ಚಳದ ಬಕೆಟ್ಟೊಂದನ್ನು ರಬ್ಬರ್ ಪಟ್ಟಿಯಿಂದ ಒಳಗೆ ತೂಗುಹಾಕಿ, ಅದರಲ್ಲಿ ಬಟ್ಟೆ, ನೀರು, ಸಾಬೂನು ಪುಡಿ ಹಾಕಿಬಿಡುವುದು. ದಿನವೆಲ್ಲ ಗಾಡಿ ಕುಲುಕಿ ಕುಲುಕಿ ಸಂಜೆಯ ಹೊತ್ತಿಗೆ ಬಟ್ಟೆ ತಾನೇ ಶುಭ್ರವಾಗಿರುತ್ತಿತ್ತು. ನಮ್ಮ ಹಾಸ್ಟೆಲಿನವರು ಬಸ್ಸಿನಲ್ಲಿ ಇದನ್ನು ಪ್ರಯೋಗಿಸಿದರೆ ಕಂಡಕ್ಟರು ಸುಮ್ಮನಿರಲಾರನು.

ಜೊತೆಗಾರ ಚಾರ್ಲಿ. ಪ್ಯಾರಿಸ್ಸಿನ ಹೊರವಲಯದ ಬೆರ್ಸಿಯಲ್ಲಿ ಹುಟ್ಟಿದ, ನೀಲಿ ಛಾಯೆಯ, ಎತ್ತರವಾದ ಪೂಡಲ್ ಜಾತಿಯ ನಾಯಿ; ವಯಸ್ಸು ಹತ್ತರ ಹತ್ತಿರ. ಬೆಳಿಗ್ಗೆ ಯಜಮಾನನನ್ನು ಎಬ್ಬಿಸಬೇಕಾದರೆ ಅದು ಬೊಗಳುತ್ತಿರಲಿಲ್ಲ; ಹಾಸಿಗೆಯ ಪಕ್ಕದಲ್ಲಿ ಕುಳಿತು ಮುಖವನ್ನೇ ನೆಟ್ಟು ನೋಡುತ್ತಿತ್ತು, ಅಷ್ಟೆ.

1960ರ ಸೆಪ್ಟೆಂಬರಿನಲ್ಲಿ ಹೊರಡುವ ಮುನ್ನ ‘ಡೋನಾ’ ಎಂಬ ಚಂಡಮಾರುತ ಸ್ಯಾಗ್ ಹಾರ್ಬರಿಗೆ ಬಡಿಯಿತು. ಐವತ್ತೆಂಟು ವರ್ಷದ ಈ ರೋಗಿ ನೀರಿಗೆ ಧುಮುಕಿ, ತನ್ನ ದೋಣಿಯನ್ನು ಅಪಾಯದಿಂದ ಪಾರುಮಾಡಿ ಲಂಗರು ಹಾಕಿ, ತೇಲಿಬಂದ ಮರದ ಕೊಂಬೆಯೊಂದನ್ನು ಹಿಡಿದು ದಡ ಸೇರಿದನು. ಸೆಪ್ಟೆಂಬರ್ 23ರಂದು ಪ್ರಯಾಣ ಆರಂಭವಾಯಿತು. ಉತ್ತರಕ್ಕೆ ಮೇಯ್ನ್ ರಾಜ್ಯ, ಅಲ್ಲಿಂದ ಪಶ್ಚಿಮಕ್ಕೆ ಶಿಕಾಗೋ, ಮೊಂಟಾನಾ, ಸಿಯಾಟಲ್, ಮತ್ತೆ ದಕ್ಷಿಣಕ್ಕೆ ಸಲೀನಾಸ್, ಟೆಕ್ಸಾಸ್, ನ್ಯೂ ಆರ್ಲಿಯನ್ಸ್: ಒಟ್ಟು ಸುಮಾರು 10,000 ಮೈಲಿ.

ಮೇಯ್ನ್‌ನಲ್ಲಿ ಆಲೂಗಡ್ಡೆ ಕೀಳಲು ಕೆನಡಾದಿಂದ ಬಂದಿದ್ದ ಫ್ರೆಂಚ್ ಮಾತಿನ ಕೂಲಿಗಾರರು ಬಿಡಾರ ಹೂಡಿದ್ದರು. ಅವರ ಪರಿಚಯ ಮಾಡಿಕೊಳ್ಳಲು ಆತನು ಮೊದಲು ಚಾರ್ಲಿಯನ್ನು ಬಿಟ್ಟನು. ಆಮೇಲೆ ನಾಯಿ ತೊಂದರೆ ಕೊಟ್ಟಿತೇ ಎಂದು ಕೇಳುವ ನೆಪದಲ್ಲಿ ತಾನೂ ಹೋದನು. ಆ ಸಂಜೆ ಅವರೆಲ್ಲ ರೋಸಿನಾಂಟೆಯೊಳಗೆ ಒತ್ತಿಕೊಂಡು ಕುಳಿತು ಬ್ರಾಂದಿ ಕುಡಿದರೆಂದು ಪುಸ್ತಕ ಹೇಳುತ್ತದೆ. ನಯಾಗರಾದಲ್ಲಿ ಕೆನಡಾದೊಳಗೆ ಹೋಗಿಬರಬೇಕೆಂದಿದ್ದನು. ಚಾರ್ಲಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ ಪತ್ರವಿಲ್ಲದ ಕಾರಣ, ಒಳಗೆ ಬಿಟ್ಟರೂ ಹಿಂದಿರುಗುವಾಗ ನಿಮ್ಮವರೇ ಬಿಡಲಾರರೆಂದು ಅಲ್ಲಿಯ ಅಧಿಕಾರಿಗಳು ತಿಳಿಸಿದರು. ಆತನು ಗಾಡಿಯನ್ನು ತಿರುಗಿಸಿದನು. ನಾಯಿಗೆ ಪ್ರವೇಶವಿಲ್ಲದ ಬಾಗಿಲಿನಲ್ಲಿ ಧರ್ಮರಾಯನು ನಿಂತ ಕಥೆಯನ್ನು ಕೇಳಿ ಬೆಳೆದ ನಮಗೆ ಇದನ್ನು ಓದುವಾಗ ಸಣ್ಣ ನಗು ಬಾರದಿರದು. ಯೆಲ್ಲೋಸ್ಟೋನ್ ಕಾಡಿನಲ್ಲಿ ಕರಡಿಗಳನ್ನು ಕಂಡು ಸಾಧುವಾದ ಚಾರ್ಲಿ ಹುಚ್ಚೆದ್ದು ಬೊಗಳಿದಾಗಲೂ ಆತನು ಕಾಡನ್ನು ಬಿಟ್ಟನು, ನಾಯಿಯನ್ನಲ್ಲ. ಮುಂದೆ ಚಾರ್ಲಿಗೆ ಮೂತ್ರಕಟ್ಟಿನ ಬಾಧೆ ಬಂದಿತು. ಮೊದಲು ಸಿಕ್ಕಿದ ವೈದ್ಯನು ಹಿಂದಿನ ರಾತ್ರಿಯ ಅಮಲು ಇಳಿಯದವನು; ಟೆಕ್ಸಾಸಿನ ಅಮರಿಲ್ಲೊದಲ್ಲಿ ಒಬ್ಬ ಯುವಕ ವೈದ್ಯನು ಅಕ್ಕರೆಯಿಂದ ನೋಡಿ ಗುಣಪಡಿಸಿದನು.

ನ್ಯೂ ಆರ್ಲಿಯನ್ಸ್‌ನಲ್ಲಿ ಕಂಡುದನ್ನು ಆತನು ಮರೆಯಲಿಲ್ಲ. ಅಲ್ಲಿನ ವಿಲಿಯಂ ಫ್ರಾಂಟ್ಜ್ ಶಾಲೆಗೆ 1960ರ ನವೆಂಬರ್ 14ರಂದು ರೂಬಿ ಬ್ರಿಡ್ಜಸ್ ಎಂಬ ಆರು ವರ್ಷದ ಕಪ್ಪು ಹುಡುಗಿ ಸೇರಿದ್ದಳು. ದಿನವೂ ಬೆಳಿಗ್ಗೆ ಬಿಳಿಯ ಹೆಂಗಸರು ಗುಂಪುಗೂಡಿ, ಸರ್ಕಾರಿ ಕಾವಲಿನಲ್ಲಿ ಬರುವ ಆ ಮಗುವನ್ನು ಅವಾಚ್ಯ ಮಾತುಗಳಿಂದ ಬಯ್ಯುತ್ತಿದ್ದರು. ನೋಡಲು ಜನ ಜಾತ್ರೆಗೆ ಬಂದಂತೆ ಬರುತ್ತಿದ್ದರು. ಸ್ಟೈನ್‌ಬೆಕ್ ಗಾಡಿಯನ್ನೂ ಚಾರ್ಲಿಯನ್ನೂ ದೂರದಲ್ಲಿ ಬಿಟ್ಟು ಟ್ಯಾಕ್ಸಿಯಲ್ಲಿ ಹೋಗಿ ಆ ಗುಂಪಿನಲ್ಲಿ ನಿಂತು ನೋಡಿದನು. ಆಮೇಲೆ ಆತನಿಗೆ ಯಾವ ಊರೂ ಬೇಡವಾಯಿತು. ವರ್ಜೀನಿಯಾದ ಅಬಿಂಗ್ಡನ್ ಬಳಿ ಪ್ರಯಾಣ ತನ್ನಷ್ಟಕ್ಕೆ ಮುಗಿದುಹೋಯಿತೆಂದು ಬರೆದುಕೊಂಡಿದ್ದಾನೆ; ಅಲ್ಲಿಂದ ಮುಂದಿನದು ಕೇವಲ ರಸ್ತೆ.

ಪುಸ್ತಕ 1962ರಲ್ಲಿ ಪ್ರಕಟವಾಯಿತು. ಅದೇ ಅಕ್ಟೋಬರಿನಲ್ಲಿ ನೊಬೆಲ್ ಬಹುಮಾನದ ಸುದ್ದಿ ಬಂದಿತು. 1968ರ ಡಿಸೆಂಬರ್ 20ರಂದು ಆತನು ನ್ಯೂಯಾರ್ಕಿನಲ್ಲಿ ತೀರಿಕೊಂಡನು.

ನಾನು ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ಅನಂತರದ ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. 2010ರಲ್ಲಿ ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಕರ್ತನು ಅದೇ ದಾರಿಯಲ್ಲಿ ಹೋಗಿ, ಹಳೆಯ ಕಾಗದಗಳನ್ನೂ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿರುವ ಹಸ್ತಪ್ರತಿಯನ್ನೂ ಹೋಲಿಸಿ ನೋಡಿದನು. ಸ್ಟೈನ್‌ಬೆಕ್ ಲಾರಿಯಲ್ಲಿ ಮಲಗಿದ ರಾತ್ರಿಗಳು ಕಡಮೆ, ಹೋಟೆಲುಗಳಲ್ಲಿಯೂ ಮಿತ್ರರ ಮನೆಗಳಲ್ಲಿಯೂ ಕಳೆದ ರಾತ್ರಿಗಳೇ ಹೆಚ್ಚು. ಪಶ್ಚಿಮ ತೀರದಲ್ಲಿ ಎಲೇನ್ ಜೊತೆಗಿದ್ದಳು, ಅಚ್ಚಾಗುವಾಗ ಅವಳನ್ನು ಆ ಭಾಗದಿಂದ ತೆಗೆಯಲಾಯಿತು. ದಾರಿಯಲ್ಲಿ ಸಿಕ್ಕವರ ಮಾತುಕತೆಗಳಲ್ಲಿ ಕಲ್ಪಿತವಾದುವು ಬಹಳ ಎಂದು ಆತನ ವಾದ. 2012ರ ಆವೃತ್ತಿಯ ಮುನ್ನುಡಿಯಲ್ಲಿ ಪ್ರಕಾಶಕರೂ ಇದನ್ನು ಅಕ್ಷರಶಃ ಸತ್ಯವೆಂದು ಓದಬಾರದೆಂಬ ಎಚ್ಚರಿಕೆಯನ್ನು ಸೇರಿಸಿದರು.

ಇದನ್ನು ತಿಳಿದ ದಿನ ನನಗೆ ಮೋಸಹೋದಂತಾಯಿತು. ಆಲೂಗಡ್ಡೆ ಕೀಳುವವರು ನಿಜವಾಗಿ ಆ ಗಾಡಿಯೊಳಗೆ ಕುಳಿತಿದ್ದರೇ? ನಮ್ಮ ಅಧ್ಯಾಪಕರೊಬ್ಬರು ಕಾದಂಬರಿಕಾರನು ಪ್ರವಾಸ ಮಾಡಿದರೆ ಕಾದಂಬರಿಯೇ ಆಗುತ್ತದೆಂದು ಸಮಾಧಾನ ಹೇಳಿದರು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ರೊಟ್ಟಿ ಗಾಡಿಯಲ್ಲಿ ಹೋದವನು ಕಂಡುದನ್ನು ಕಾದಂಬರಿಯೆಂದು ಹೇಳಿಯೇ ಕಾದಂಬರಿ ಬರೆದನು; ರೋಸಿನಾಂಟೆಯಲ್ಲಿ ಹೋದವನು ಹಾಗೆ ಹೇಳಲಿಲ್ಲ. ಆದರೆ ಬೇನೆಯಿಂದ ನರಳುವ ಮುದಿ ನಾಯಿಯ ಪಕ್ಕದಲ್ಲಿ, ತನ್ನ ದೇಹವೂ ಸವೆದವನೊಬ್ಬ ರಾತ್ರಿಯೆಲ್ಲ ಎಚ್ಚರವಾಗಿ ಕುಳಿತ ಪುಟಗಳನ್ನು ಎರಡನೆಯ ಸಾರಿ ಓದಿದಾಗ, ಅವು ಸುಳ್ಳೆಂದು ನನ್ನ ಮನಸ್ಸು ಒಪ್ಪಲಿಲ್ಲ.

ಆತನ ಚಿತಾಭಸ್ಮವನ್ನು ಸಲೀನಾಸ್‌ಗೆ ಒಯ್ದು ಅಲ್ಲಿಯ ಸ್ಮಶಾನದಲ್ಲಿ ಹೂಳಿದರು. ಅದೇ ಊರಿನಲ್ಲಿ 1998ರಲ್ಲಿ ಆತನ ಹೆಸರಿನ ವಸ್ತುಸಂಗ್ರಹಾಲಯವೊಂದು ತೆರೆಯಿತು. ಹಸುರು ರೋಸಿನಾಂಟೆಯನ್ನು ಅಲ್ಲಿ ನಿಲ್ಲಿಸಿದ್ದಾರೆ. ಚಿಕ್ಕಪ್ಪನಿಗೆ ಅದರ ಚಿತ್ರವನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ನಾಯಿ ಎಲ್ಲಿ ಮಲಗುತ್ತಿತ್ತೆಂದು ಕೇಳಿದರು.